ಸಹಾಯ ಬೇಕು: ಬಿಚ್ಚಿದ ಹಳೇ ಸ್ವೆಟರ್ ದಾರದ ಗುಂಗುರು ಹೋಗ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಮ್ಮತ್ತೆ ಹೆಣೆದಿದ್ದ ಎರಡು ಹಳೇ ಸ್ವೆಟರ್ ಬಿಚ್ಚಿ, ಅದೇ ದಾರದಲ್ಲಿ ಮಗಳಿಗೆ ಕ್ರೋಶಾ ಹೊದಿಕೆ ಹಾಕ್ಬೇಕು ಅಂತಿದ್ದೀನಿ. ಅವರು ಅಷ್ಟು ಆಸೆಯಿಂದ ಹಾಕಿದ್ದು ಅಟ್ಟದಲ್ಲಿ ನುಸಿ ತಿಂದು ಹೋಗೋದು ನನಗಿಷ್ಟವಿಲ್ಲ.

ಮೊದಲು ದಾರದ ತುಂಡು ಸುಟ್ಟು ನೋಡಿದೆ. ಬೂದು ಬಣ್ಣದ್ದು ಕೂದಲು ಸುಟ್ಟ ವಾಸನೆ ಬಂದು, ಮುಟ್ಟಿದ್ರೆ ಪುಡಿಯಾಗೋ ಬೂದಿಯಾಯ್ತು. ಅಂದ್ರೆ ಉಣ್ಣೆ. ಕೆಂಪುದು ಕರಗಿ ಗಟ್ಟಿ ಕರಿ ಮಣಿಯಾಯ್ತು, ಅಕ್ರಿಲಿಕ್ ಅನ್ನೋ ಕೃತಕ ದಾರ ಇರ್ಬೇಕು. ಎರಡನ್ನೂ ಕುರ್ಚಿ ಬೆನ್ನಿಗೆ ಸುತ್ತಿ ಲಡಿ ಮಾಡಿ, ಅಲ್ಲಲ್ಲಿ ಸಡಿಲವಾಗಿ ಕಟ್ಟಿ, ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ಕೆಳಗೆ ಸಣ್ಣ ಭಾರ ಕಟ್ಟಿ ನೆರಳಲ್ಲಿ ಒಣಗಿಸಿದೆ. ಉಣ್ಣೆ ಎಷ್ಟು ಚೆನ್ನಾಗಿ ನೆಟ್ಟಗಾಗಿದೆ ಅಂದ್ರೆ ಹೊಸದೇ ಅನ್ಸುತ್ತೆ. ಅಕ್ರಿಲಿಕ್ ಮಾತ್ರ ನೂಡಲ್ಸ್ ಥರ ಹಾಗೇ ಇದೆ. ಹಾಕಿ ನೋಡಿದ್ರೆ ಒಂದು ಕುಣಿಕೆ ದೊಡ್ಡದು, ಒಂದು ಚಿಕ್ಕದು.

ಹಬೆ ಕೊಡು ಅಂತಾರೆ ಕೆಲವರು. ಆದ್ರೆ ಬಿಸಿ ಹೆಚ್ಚಾದ್ರೆ ಅಕ್ರಿಲಿಕ್ ಜೋತುಬೀಳುತ್ತೆ, ಆಮೇಲೆ ಮೊದಲಿನ ಹಾಗೆ ಆಗೋದೇ ಇಲ್ಲ. ಈ ಬಣ್ಣದ್ದು ಬೇರೆ ದಾರವೂ ನನ್ನ ಹತ್ರ ಇಲ್ಲ, ಅದಕ್ಕೇ ಕೈ ಹಾಕೋಕೆ ಭಯ.

ಬಿಚ್ಚಿದ ಅಕ್ರಿಲಿಕ್‌ಗೆ ಹಬೆ ಕೊಟ್ಟು ಗುಂಗುರು ತೆಗೆದವರು ಯಾರಾದ್ರೂ ಇದ್ದೀರಾ? ಎಷ್ಟು ದೂರದಿಂದ, ಎಷ್ಟು ಹೊತ್ತು ಕೊಟ್ರಿ? ಇಲ್ಲಾ ಹಾಗೇ ಹೆಣೆದು ಒಗೆದ್ರೆ ತಾನಾಗೇ ಸರಿಹೋಗುತ್ತಾ?