ಕರ್ಣದಲ್ಲಿ ಸೊನ್ನೆ ಬಂದಾಗ ಎಲ್‌ಯು ವಿಭಜನೆಯನ್ನು ಮುಂದುವರಿಸುವುದು ಹೇಗೆ?

ಪ್ರಶ್ನೆ

ವಿದ್ಯುತ್ ಸರ್ಕ್ಯೂಟ್‌ಗಳ ಸಮೀಕರಣಗಳನ್ನು ಎಲ್‌ಯು ವಿಭಜನೆಯಿಂದ (ಮ್ಯಾಟ್ರಿಕ್ಸನ್ನು ಕೆಳತ್ರಿಕೋನ ಮತ್ತು ಮೇಲ್ತ್ರಿಕೋನ ಮ್ಯಾಟ್ರಿಕ್ಸ್‌ಗಳ ಗುಣಲಬ್ಧವಾಗಿ ಒಡೆಯುವ ವಿಧಾನದಿಂದ) ಬಿಡಿಸುವ ಪ್ರೋಗ್ರಾಂ ಬರೆಯುತ್ತಿದ್ದೇನೆ. ವೋಲ್ಟೇಜ್ ಮೂಲಗಳ ಸಾಲುಗಳಲ್ಲಿ ಕರ್ಣದ ಜಾಗದಲ್ಲಿ ಸೊನ್ನೆ ಇರುವುದರಿಂದ ಲೆಕ್ಕ ಅಲ್ಲಿಗೇ ನಿಲ್ಲುತ್ತದೆ. ಅಲ್ಲಿ 10⁻²⁰ ಇಟ್ಟರೆ ಪ್ರೋಗ್ರಾಂ ಮುಂದೆ ಓಡುತ್ತದೆ. ಹೀಗೆ ಮಾಡಬಹುದೇ? ಮ್ಯಾಟ್ರಿಕ್ಸ್‌ನಲ್ಲಿ ಬಹುಪಾಲು ಸೊನ್ನೆಗಳೇ ಇರುವುದರಿಂದ, ಸಾಲುಗಳನ್ನು ಅದಲುಬದಲು ಮಾಡಿದರೆ ಆ ವಿರಳತೆ ಕೆಡಬಹುದೆಂಬ ಅಳುಕಿದೆ.

ಉತ್ತರ 1

ದಯವಿಟ್ಟು ಹಾಗೆ ಮಾಡಬೇಡಿ. 10⁻²⁰x + y = 1, x + y = 2 ಎಂಬ ಜೋಡಿಯನ್ನೇ ನೋಡಿ; x, y ಎರಡೂ ಹೆಚ್ಚುಕಡಿಮೆ 1. ಮೊದಲ ಸಾಲಿನ 10⁻²⁰ ಅನ್ನೇ ಪಿವಟ್ (ಕೆಳಗಿನ ಸಾಲುಗಳಿಂದ x ತೆಗೆಯಲು ಭಾಗಿಸುವ ಸಂಖ್ಯೆ) ಮಾಡಿಕೊಂಡರೆ ಎರಡನೆಯ ಸಾಲು (1 − 10²⁰)y = 2 − 10²⁰ ಎಂದಾಗುತ್ತದೆ. ಡಬಲ್ ಪ್ರಿಸಿಷನ್‌ನಲ್ಲಿ ಸುಮಾರು 16 ಅಂಕಿಗಳಷ್ಟೇ ಉಳಿಯುವುದರಿಂದ ಆ 1 ಮತ್ತು 2 ಅಳಿಸಿಹೋಗಿ y = 1 ಬರುತ್ತದೆ, ಅದನ್ನು ಹಿಂದಕ್ಕೆ ಹಾಕಿದಾಗ x = 0 ಬರುತ್ತದೆ. ಉತ್ತರ ಪೂರ್ತಿ ತಪ್ಪು, ಆದರೆ ಯಾವ ಎಚ್ಚರಿಕೆಯೂ ಕಾಣಿಸುವುದಿಲ್ಲ. ಸಾಲುಗಳನ್ನು ಅದಲುಬದಲು ಮಾಡಿದರೆ ಎರಡೂ 1 ಎಂದೇ ಸಿಗುತ್ತವೆ.

ಉತ್ತರ 2

ಮೇಲಿನ ಮಾತಿಗೆ ಒಂದು ಸೇರ್ಪಡೆ. ಮೂಲ ಮ್ಯಾಟ್ರಿಕ್ಸ್‌ನ ಕರ್ಣದಲ್ಲಿ ಸೊನ್ನೆ ಇದ್ದ ಮಾತ್ರಕ್ಕೆ ತೊಂದರೆ ಆಗಲೇಬೇಕೆಂದಿಲ್ಲ. (2, 1), (1, 0) ಎಂಬ ಸಾಲುಗಳಲ್ಲಿ ಮೊದಲ ಹಂತ ಮುಗಿದೊಡನೆ ಆ ಸೊನ್ನೆಯ ಜಾಗಕ್ಕೆ −½ ಬರುತ್ತದೆ. ಆದ್ದರಿಂದ ಪರೀಕ್ಷಿಸಬೇಕಾದದ್ದು ಆಯಾ ಹಂತದ ಪಿವಟ್ಟನ್ನು. ವಿರಳತೆಯ ಬಗ್ಗೆ ನಿಮಗಿರುವ ಅಳುಕು ನ್ಯಾಯವಾದದ್ದೇ. ಅದಕ್ಕಾಗಿಯೇ ಥ್ರೆಶೋಲ್ಡ್ ಪಿವಟಿಂಗ್ ಇದೆ. ಕರ್ಣದ ಸಂಖ್ಯೆಯ ಗಾತ್ರವು (ಚಿಹ್ನೆ ಬಿಟ್ಟು) ಆ ಕಂಬಸಾಲಿನಲ್ಲಿ (ಕಾಲಮ್‌ನಲ್ಲಿ) ಉಳಿದಿರುವ ಅತಿ ದೊಡ್ಡ ಸಂಖ್ಯೆಯ, ಉದಾಹರಣೆಗೆ, 0.1 ಪಾಲಿಗಿಂತ ಕಡಿಮೆಯಿಲ್ಲದಿದ್ದರೆ ಅದನ್ನೇ ಉಳಿಸಿಕೊಂಡು, ಕಡಿಮೆಯಾದಾಗ ಮಾತ್ರ ಸಾಲು ಬದಲಿಸಿ.

ಉತ್ತರ 3

ಸರ್ಕ್ಯೂಟ್‌ನಲ್ಲಿ ರೆಸಿಸ್ಟರ್‌ಗಳು ಮತ್ತು ಸ್ವತಂತ್ರ ಮೂಲಗಳಷ್ಟೇ ಇದ್ದರೆ ಮ್ಯಾಟ್ರಿಕ್ಸನ್ನು ಸಮಮಿತವಾಗಿ (ಕರ್ಣದ ಎರಡೂ ಬದಿಗಳು ಒಂದಕ್ಕೊಂದು ಪ್ರತಿಬಿಂಬವಾಗುವಂತೆ) ಬರೆಯಬಹುದು. ಆಗ ಸಾಲುಗಳನ್ನು ಮಾತ್ರ ಬದಲಿಸಿದರೆ ಸಮಮಿತಿ ಕೆಡುತ್ತದೆ. ಬಂಚ್ ಮತ್ತು ಕೌಫ್‌ಮನ್ 1977ರಲ್ಲಿ ಪ್ರಕಟಿಸಿದ ವಿಧಾನದಲ್ಲಿ, ಕರ್ಣದ ಸಂಖ್ಯೆ ಪಿವಟ್ ಆಗಲು ಯೋಗ್ಯವಲ್ಲದಿದ್ದಾಗ 2×2 ತುಂಡೊಂದನ್ನೇ ಪಿವಟ್ ಆಗಿ ತೆಗೆದುಕೊಳ್ಳುತ್ತಾರೆ; (0, 1), (1, 0) ಎಂಬ ತುಂಡಿನ ಕರ್ಣ ಪೂರ್ತಿ ಸೊನ್ನೆಯಾದರೂ ಡಿಟರ್ಮಿನೆಂಟ್ −1 ಆದ್ದರಿಂದ ಲೆಕ್ಕ ಸಲೀಸಾಗಿ ಸಾಗುತ್ತದೆ.

ಪ್ರಶ್ನೆ ಕೇಳಿದವರು

ಧನ್ಯವಾದಗಳು. ಕಂಬಸಾಲಿನಲ್ಲಿ ಉಳಿದದ್ದೆಲ್ಲವೂ ಸೊನ್ನೆಯೇ ಆಗಿದ್ದರೆ?

ಉತ್ತರ 2

ಆಗ ಮ್ಯಾಟ್ರಿಕ್ಸೇ ಸಿಂಗ್ಯುಲರ್, ಅಂದರೆ ಸಮೀಕರಣಗಳಿಗೆ ಒಂದೇ ಒಂದು ನಿಶ್ಚಿತ ಉತ್ತರವಿಲ್ಲ. ಯಾವ ಅದಲುಬದಲಿನಿಂದಲೂ ಪ್ರಯೋಜನವಿಲ್ಲ. ವೋಲ್ಟೇಜ್ ಮೂಲಗಳಷ್ಟರಿಂದಲೇ ಆದ ಮುಚ್ಚಿದ ಸುತ್ತು ಇದೆಯೇ, ಗ್ರೌಂಡ್‌ಗೆ ಸೇರದೆ ಉಳಿದ ಭಾಗವಿದೆಯೇ ಎಂದು ಸರ್ಕ್ಯೂಟ್‌ನಲ್ಲಿ ಹುಡುಕಿ. ಕರ್ಣದಲ್ಲಿ 10⁻²⁰ ತುಂಬಿದ್ದರೆ ಈ ದೋಷವೂ ನಿಮ್ಮ ಕಣ್ಣಿಗೆ ಬೀಳುತ್ತಿರಲಿಲ್ಲ.