ಅಮ್ಮನ ದವಡೆ ಹಲ್ಲಿಗೆ ಇಂಪ್ಲಾಂಟಾ ಬ್ರಿಡ್ಜಾ? ಇಬ್ರು ಡಾಕ್ಟ್ರು ಎರಡು ಥರ ಹೇಳ್ತಿದಾರೆ

ತುಂಗಭದ್ರಾ ತೀರ:
ನಮಸ್ಕಾರ ಎಲ್ರಿಗೂ. ನಮ್ಮಮ್ಮಂಗೆ 62 ವರ್ಷ, ಹರಿಹರದಲ್ಲಿದಾರೆ, ನಾನು ಬೆಂಗಳೂರಲ್ಲಿ. ಕೆಳಗಡೆ ಬಲಗಡೆ ದೊಡ್ಡ ದವಡೆ ಹಲ್ಲು ಒಂದನ್ನ ಮಳೆಗಾಲದಲ್ಲಿ ಕೀಳಿಸಿದ್ವಿ, ಹುಳುಕು ಬೇರಿನ ತನಕ ಹೋಗಿದೆ ಉಳಿಸೋಕಾಗಲ್ಲ ಅಂದ್ರು. ಗಾಯ ಮಾಗಿದೆ. ಈಗ ರೊಟ್ಟಿ, ಕೋಸಂಬರಿ ಏನೇ ಇದ್ರೂ ಎಡಗಡೆಯಲ್ಲೇ ಅಗಿತಾರೆ, ಆ ಕಡೆನೂ ನೋವು ಅಂತಿದಾರೆ.

ಊರಲ್ಲಿ ತೋರಿಸಿದ ಡಾಕ್ಟ್ರು ಬ್ರಿಡ್ಜ್ (ಅಕ್ಕಪಕ್ಕದ ಎರಡು ಹಲ್ಲು ತೇಯ್ದು ಕ್ಯಾಪ್ ಹಾಕಿ, ಅವಕ್ಕೆ ಅಂಟಿದ ಹಾಗೆ ನಡುವೆ ಕಟ್ಟಿಸಿದ ಹಲ್ಲು ಕೂರಿಸೋದು) ಹಾಕ್ಸಿ, ಎರಡು ವಾರದಲ್ಲಿ ಮುಗಿಯುತ್ತೆ, 15 ಸಾವಿರ ಅಂದ್ರು. ದಾವಣಗೆರೆಯಲ್ಲಿ ಇನ್ನೊಬ್ರು ಪಕ್ಕದ ಹಲ್ಲು ಯಾಕೆ ಹಾಳು ಮಾಡ್ಸ್ತೀರಾ ಇಂಪ್ಲಾಂಟೇ (ದವಡೆ ಮೂಳೆಯೊಳಗೆ ಸ್ಕ್ರೂ ಕೂರಿಸಿ ಅದರ ಮೇಲೆ ಹಲ್ಲು ಕಟ್ಟೋದು) ಸರಿ ಅಂದ್ರು, 35 ಸಾವಿರ, ನಾಲ್ಕೈದು ತಿಂಗಳು. ದುಡ್ಡು ಹೇಗೋ ಹೊಂದಿಸ್ತೀನಿ, ಆದ್ರೆ ಅಮ್ಮಂಗೆ ಶುಗರ್ ಇದೆ, ಮೂರು ತಿಂಗಳ ಸರಾಸರಿ ಟೆಸ್ಟಲ್ಲಿ 8.4 ಬಂದಿತ್ತು. ಮೂಳೆ ಕೊರೆದು ಸ್ಕ್ರೂ ಹಾಕ್ತಾರೆ ಅಂದಾಗಿಂದ ಅವರಿಗೆ ನಿದ್ದೆ ಬರ್ತಿಲ್ಲ. ಮಾಡಿಸಿಕೊಂಡೋರು ಯಾರಾದ್ರೂ ಇದ್ರೆ ಹೇಳಿ ಪ್ಲೀಸ್.

ಚಾಮುಂಡಿ ಬೆಟ್ಟದ ಕೆಳಗೆ:
ನಮ್ಮಪ್ಪಂಗೆ ಬ್ರಿಡ್ಜ್ ಮಾಡ್ಸಿದ್ವಿ ಕಣ್ರೀ, ಅದೇ ಜಾಗಕ್ಕೆ. ಮೊದಲ ಕೆಲವು ವರ್ಷ ಏನೂ ತೊಂದ್ರೆ ಇರ್ಲಿಲ್ಲ, ಚಕ್ಲಿ ನಿಪ್ಪಟ್ಟು ಎಲ್ಲಾ ತಿಂತಿದ್ರು. ಆಮೇಲೆ ಬಾಯಿ ವಾಸನೆ ಶುರುವಾಯ್ತು, ನೋಡಿದ್ರೆ ಬ್ರಿಡ್ಜಿನ ಆಧಾರಕ್ಕೆ ಅಂತ ತೇಯ್ದಿದ್ದ ಹಿಂದಿನ ಹಲ್ಲು ಕ್ಯಾಪಿನ ಒಳಗೇ ಹುಳುಕಾಗಿತ್ತು, ಮೇಲಿಂದ ಏನೂ ಗೊತ್ತಾಗ್ತಿರ್ಲಿಲ್ಲ. ಬ್ರಿಡ್ಜ್ ಕಟ್ ಮಾಡಿ ತೆಗೆದು ಆ ಹಲ್ಲನ್ನೂ ಕೀಳಬೇಕಾಯ್ತು. ಒಂದು ಹಲ್ಲಿನ ಜಾಗ ಎರಡಾಯ್ತು.

ಬ್ರಿಡ್ಜ್ ಅಡಿಯಲ್ಲಿ ದಾರ ತೂರಿಸಿ ಕ್ಲೀನ್ ಮಾಡ್ಬೇಕು ಅಂತ ಹಾಕಿದ ಡಾಕ್ಟ್ರು ಹೇಳೇ ಇರ್ಲಿಲ್ಲ, ಆ ಕೋಪ ಇವತ್ತಿಗೂ ಇದೆ ನಂಗೆ. ಮಾಮೂಲಿ ಫ್ಲಾಸ್ ಮೇಲಿಂದ ಇಳಿಯಲ್ಲ, ಮೂರೂ ಹಲ್ಲು ಒಂದಕ್ಕೊಂದು ಅಂಟಿಕೊಂಡಿರುತ್ತಲ್ಲ. ತುದಿ ಗಟ್ಟಿ ಇರೋ ಸೂಪರ್ ಫ್ಲಾಸ್ ಅಂತ ಸಿಗುತ್ತೆ, ಇಲ್ಲಾಂದ್ರೆ ಚಿಕ್ಕ ಇಂಟರ್‌ಡೆಂಟಲ್ ಬ್ರಷ್. ಬ್ರಿಡ್ಜ್ ಮಾಡ್ಸೋದಾದ್ರೆ ಅಮ್ಮಂಗೆ ಅದನ್ನ ಕೂರಿಸ್ಕೊಂಡು ಕಲಿಸಿ.

ಸತ್ತೂರು ಕ್ರಾಸ್:
ನಾ ಧಾರವಾಡದಾಗ ದಂತವೈದ್ಯೆ, ಹಲ್ಲು ಕಟ್ಟೋ ವಿಭಾಗದಾಗ ಎಂ.ಡಿ.ಎಸ್. ಮಾಡೀನಿ. ಬಾಯಿ ನೋಡದ ಇದಽ ಮಾಡಸ್ರಿ ಅಂತ ಹೇಳೂದು ಸರಿ ಅಲ್ಲ, ಆದ್ರ ಏನೇನ್ ಕೇಳಬೇಕು ಅಂತ ಹೇಳಬಹುದು.

ಇಂಪ್ಲಾಂಟ್ ಛಲೋನೋ ಬ್ರಿಡ್ಜ್ ಛಲೋನೋ ಅನ್ನೋ ಪ್ರಶ್ನೆಗೆ ಹಂಗ ಉತ್ತರಾನ ಇಲ್ರಿ. 2007ರಾಗ ಹಳೇ ಅಧ್ಯಯನ ಎಲ್ಲಾ ಕೂಡಿಸಿ ಲೆಕ್ಕ ಹಾಕಿದಾಗ 10 ವರ್ಷ ಆದಮ್ಯಾಲ ಬಾಯಾಗ ಉಳದಿದ್ದು ಎರಡೂ ಹೆಚ್ಚುಕಡಿಮಿ 100ಕ್ಕ 89. ಅಂದ್ರ ಬಾಳಿಕಿ ಮ್ಯಾಲ ಆರಿಸಾಕ ಆಗೂದಿಲ್ಲ. ಆರಿಸಬೇಕಾದ್ದು ಬಾಜೂಕಿನ ಎರಡು ಹಲ್ಲು ನೋಡಿ. ಅವೆರಡೂ ಒಂದ್ ಫಿಲ್ಲಿಂಗೂ ಇಲ್ಲದ ಗಟ್ಟಿ ಹಲ್ಲು ಇದ್ರ, ಅವನ್ನ ಸುತ್ತೂ ಕಡದು ಸಣ್ಣ ಮಾಡಿ ಕ್ಯಾಪ್ ಹಾಕೂದು ನನಗ ಮನಸ್ಸಿಗೆ ಬರೂದಿಲ್ಲ, ಒಮ್ಮೆ ತೇಯ್ದ ಹಲ್ಲು ತಿರುಗಿ ಬೆಳಿಯೂದಿಲ್ಲ, ಕೆಲವು ಸಲ ಮುಂದ ನರ ಸತ್ತು ರೂಟ್ ಕೆನಾಲೂ ಬೇಕಾಗ್ತದ. ಆದ್ರ ಅವಕ್ಕ ಹೆಂಗೂ ದೊಡ್ಡ ಫಿಲ್ಲಿಂಗು, ಹಳೇ ಕ್ಯಾಪ್ ಇದ್ದು ಬದಲಿ ಮಾಡಬೇಕಾಗಿದ್ರ ಬ್ರಿಡ್ಜ್ ಯಾಕ ಬ್ಯಾಡ? ಅಲ್ಲಿ ಇಂಪ್ಲಾಂಟಿಗೆ ಹಟ ಹಿಡಿಯೂದ್ರಾಗ ಅರ್ಥ ಇಲ್ಲ.

ಇಂಪ್ಲಾಂಟಿಗೆ ಎಲುಬು ಬೇಕು. ಹಲ್ಲು ಕಿತ್ತ ಜಾಗದಾಗ ಎಲುಬು ಕರಗ್ತಾ ಹೋಗ್ತದ, ಮೊದಲ ಒಂದು ವರ್ಷದಾಗನ ಭಾಳ. ಕೆಳಗಿನ ದವಡ್ಯಾಗ ತುಟಿಗೆ ಸ್ಪರ್ಶ ಕೊಡೋ ನರ ಎಲುಬಿನ ಒಳಗ ಹಾದು ಹೋಗ್ತದ, ಸ್ಕ್ರೂ ತುದಿಗೂ ಅದಕ್ಕೂ ಕನಿಷ್ಠ 2 ಮಿ.ಮೀ. ಅಂತರ ಇಡ್ತೀವಿ. ಅದಕ್ಕ ಸಿಬಿಸಿಟಿ ಸ್ಕ್ಯಾನ್, ಅಂದ್ರ ದವಡಿ ಎಲುಬನ್ನ ಎಲ್ಲಾ ಕಡೆಯಿಂದ ತೋರಸೋ 3ಡಿ ಎಕ್ಸ್‌ರೇ, ತಗಸ್ರಿ, ಸಣ್ಣ ಎಕ್ಸ್‌ರೇ ಒಂದ ನೋಡಿ ಹಾಕ್ತೀವಿ ಅಂದ್ರ ಒಪ್ಪಬ್ಯಾಡ್ರಿ.

ಶುಗರ್ 8.4 ಅಂದ್ರ ಈಗ ಹಾಕಸೂದು ಬ್ಯಾಡ. ಗಾಯ ಮಾಗೂದು ತಡ, ಸೋಂಕೂ ಹೆಚ್ಚು. 7ರ ಆಸುಪಾಸು ಬರಲಿ, ಶುಗರ್ ಇದ್ದವರಿಗೆ ಇಂಪ್ಲಾಂಟ್ ಆಗೂದೇ ಇಲ್ಲ ಅಂತಲ್ಲ. ಇನ್ನೊಂದು ಮುಖ್ಯ ಮಾತು: ತಾಯಿಯವರು ಎಲುಬು ಸವೆತಕ್ಕ ಗುಳಗಿ ಏನರ ತಗೋತಾರೇನು? ವಾರಕ್ಕೊಂದು ಗುಳಗಿ, ಇಲ್ಲಾ ವರ್ಷಕ್ಕೊಂದು ಡ್ರಿಪ್? ರಕ್ತ ತೆಳು ಮಾಡೋ ಗುಳಗಿ? ಹೇಳ್ರಿ.

ಶರಾವತಿ ಹಿನ್ನೀರು:
ನಾನು ಇಂಪ್ಲಾಂಟ್ ಹಾಕಿಸ್ಕೊಂಡಿದ್ದೇನೆ, ಮೇಲಿನ ಹಲ್ಲಿಗೆ. ಅಮ್ಮನ ಭಯಕ್ಕೆ ಒಂದು ಮಾತು. ಮರಗಟ್ಟೋ ಇಂಜೆಕ್ಷನ್ ಕೊಡ್ತಾರೆ, ಕೊರೆಯೋದು ಅದುರಿದ ಹಾಗೆ ಗೊತ್ತಾಗುತ್ತೆ, ನೋವಲ್ಲ. ನಂಗೆ ಹಲ್ಲು ಕೀಳಿಸಿದ್ದೇ ಇದಕ್ಕಿಂತ ಜಾಸ್ತಿ ನೋವಾಗಿತ್ತು. ಎರಡು ದಿನ ಊತ, ಗಂಜಿ, ಮೊಸರನ್ನ. ಇದೇನು ಹೊಸ ಪ್ರಯೋಗ ಅಂತ ಹೆದರೋದೂ ಬೇಡ, ಟೈಟೇನಿಯಂ ಮೂಳೆಗೆ ಕೂಡ್ಕೊಳ್ಳುತ್ತೆ ಅಂತ ಕಂಡುಕೊಂಡ ಸ್ವೀಡನ್ನಿನ ಬ್ರೋನೆಮಾರ್ಕ್ ಅವರು ಮೊದಲ ರೋಗಿಗೆ ಹಾಕಿದ್ದು 1965ರಲ್ಲಿ.

ರೇಟ್ ಕೇಳೋವಾಗ ಹುಷಾರು. 35 ಸಾವಿರದಲ್ಲಿ ಸ್ಕ್ರೂ ಮಾತ್ರನಾ, ಮೇಲಿನ ಹಲ್ಲೂ ಸೇರಿತಾ, ಸ್ಕ್ಯಾನು, ಮೂಳೆ ಪುಡಿ ತುಂಬೋದು ಬೇಕಾದ್ರೆ ಅದು ಬೇರೆನಾ ಅಂತ ಬರೆಸ್ಕೊಳ್ಳಿ. ಯಾವ ಕಂಪನಿ, ಯಾವ ಸೈಜು ಅನ್ನೋ ಕಾರ್ಡ್ ಕೊಡ್ತಾರೆ, ಜೋಪಾನವಾಗಿ ಇಟ್ಕೊಳ್ಳಿ, ನಾಳೆ ಒಳಗಿನ ಸಣ್ಣ ಸ್ಕ್ರೂ ಸಡಿಲ ಆದ್ರೆ ಬೇರೆ ಊರಲ್ಲೂ ಅದೇ ಬಿಡಿಭಾಗ ತರಿಸಬಹುದು.

ಅಮ್ಮ ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕ್ತಾರಾ? ನಮ್ಮ ಕಡೆ ಆ ವಯಸ್ಸಿನೋರು ತುಂಬಾ ಜನ ಹಾಕ್ತಾರೆ, ಅದಕ್ಕೆ ಕೇಳ್ದೆ. ಮೊದ್ಲು ಬಿಡಿಸ್ಬೇಕು, ನಮ್ಮ ಡಾಕ್ಟ್ರು ಅದನ್ನೇ ಮೊದಲು ಕೇಳಿದ್ದು.

ಮಾವಿನ ತೋಪು:
ಏನೂ ಹಾಕಿಸದೆ ಬಿಟ್ರೆ ಏನಾಗುತ್ತೆ? ನಮ್ಮತ್ತೆಗೆ ನಾಲ್ಕು ಹಲ್ಲಿಲ್ಲ, ಆರಾಮಾಗಿದಾರೆ.

ಸತ್ತೂರು ಕ್ರಾಸ್:
ಕೆಲವೊಮ್ಮೆ ಬಿಡಬಹುದ್ರಿ. ಕಟ್ಟಕಡೀ ದವಡೆ ಹಲ್ಲು ಒಂದ ಹೋಗಿ ಉಳಿದದ್ದು ಗಟ್ಟಿ ಇದ್ರ ನಾನೂ ಬಿಡ್ರಿ ಅಂತೀನಿ. ಆದ್ರ ನಡುವಿಂದು ಹೋದ್ರ ಹಿಂದಿನ ಹಲ್ಲು ಮುಂದಕ್ಕ ವಾಲ್ತದ, ಮ್ಯಾಲಿನ ಹಲ್ಲು ಖಾಲಿ ಜಾಗಕ್ಕ ಇಳೀತದ, ಆಮ್ಯಾಲ ಮನಸ್ಸು ಮಾಡಿದ್ರೂ ಹಲ್ಲು ಕೂಡ್ರಿಸಾಕ ಜಾಗ ಇರೂದಿಲ್ಲ. ರೊಕ್ಕದ ತೊಂದ್ರಿ ಇದ್ದವರಿಗೆ ತಗದು ಹಾಕೋ ಹಲ್ಲು ಅದ, ಅಗ್ಗ, ಆದ್ರ ಒಂದ ಹಲ್ಲಿಗೆ ಅದನ್ನ ದಿನಾ ಹಾಕ್ಕೊಳ್ಳೋರು ಕಡಿಮಿ.

ತುಂಗಭದ್ರಾ ತೀರ:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಎಲೆ ಅಡಿಕೆ ಅಭ್ಯಾಸ ಇಲ್ಲ. ಅಮ್ಮಂಗೆ ಫೋನ್ ಮಾಡಿ ಮಾತ್ರೆ ಚೀಟಿ ಎಲ್ಲಾ ಓದಿಸ್ದೆ. ಮೇಡಂ, ನೀವು ಕೇಳಿದ್ದು ಸರಿ ಇತ್ತು, ಮಂಡಿ ಡಾಕ್ಟ್ರು ಮೂಳೆ ಸವೆತಕ್ಕೆ ಅಂತ ವರ್ಷಕ್ಕೊಂದು ಡ್ರಿಪ್ ಹಾಕ್ತಾರಂತೆ, ಝೋಲೆಡ್ರೋನಿಕ್ ಆ್ಯಸಿಡ್ ಅಂತ ಬರೆದಿದೆ, ಎರಡು ಸಲ ಆಗಿದೆ. ಹಲ್ಲಿನ ಡಾಕ್ಟ್ರು ಇಬ್ರೂ ಇದನ್ನ ಕೇಳೇ ಇಲ್ಲ! ಎಕ್ಸ್‌ರೇ ಪ್ರಕಾರ ಹಿಂದಿನ ಹಲ್ಲಿಗೆ ರೂಟ್ ಕೆನಾಲ್ ಆಗಿ ಹಳೇ ಕ್ಯಾಪ್ ಇದೆ, ಮುಂದಿನದಕ್ಕೆ ಬದಿಯಲ್ಲಿ ದೊಡ್ಡ ಸಿಮೆಂಟು.

ಸತ್ತೂರು ಕ್ರಾಸ್:
ಹಂಗಾರ ವಿಚಾರ ಬದಲಾತು. ಆ ಔಷಧ ಎಲುಬಿನೊಳಗ ವರ್ಷಗಟ್ಟಲೆ ಉಳೀತದ, ಎಲುಬು ಹಳೇದು ಕರಗಿ ಹೊಸಾದು ಕಟ್ಟೋ ಕೆಲಸ ನಿಧಾನ ಮಾಡ್ತದ. ದವಡೆ ಎಲುಬಿಗೆ ಗಾಯ ಆದ್ರ ಅಪರೂಪಕ್ಕ ಮಾಗದ ಎಲುಬ ಸಾಯ್ತದ. ಕ್ಯಾನ್ಸರಿಗೆ ತಿಂಗಳಿಗೊಮ್ಮೆ ತಗೊಳ್ಳೋರಿಗೆ ಅಪಾಯ ಭಾಳ ಹೆಚ್ಚು, ಸವೆತಕ್ಕ ವರ್ಷಕ್ಕೊಮ್ಮೆ ಅಂದ್ರ ಭಾಳ ಕಡಿಮಿ. ಹಲ್ಲು ಕಿತ್ತ ಜಾಗ ಪೂರ್ತಿ ಮಾಗೇದ ಅಂದ್ರ ಅದು ಛಲೋ ಲಕ್ಷಣ. ಹೆದರಬ್ಯಾಡ್ರಿ, ಡ್ರಿಪ್ಪನ್ನ ನೀವಾಗಿ ನಿಲ್ಲಸಲೂ ಬ್ಯಾಡ್ರಿ, ಸೊಂಟ ಮುರಿದ್ರ ಅದು ಹಲ್ಲಿಗಿಂತ ದೊಡ್ಡ ಸಂಕಟ.

ಬಾಜೂಕಿನ ಎರಡೂ ಹಲ್ಲಿಗೆ ಹೆಂಗೂ ಕ್ಯಾಪ್ ಬೇಕಾದಂಗ ಅದ, ಶುಗರ್ ಮ್ಯಾಲ ಅದ, ಎಲುಬಿನ ಔಷಧ ಅದ, ತಾಯಿಯವರಿಗೆ ಮನಸ್ಸೂ ಇಲ್ಲ. ನನ್ನ ತಾಯಿ ಆಗಿದ್ರ ಬ್ರಿಡ್ಜ್ ಮಾಡಸ್ತಿದ್ದೆ. ಹಳೇ ಕ್ಯಾಪ್ ತಗದು ಒಳಗ ಹಲ್ಲು ಎಷ್ಟು ಉಳದದ ನೋಡಿ ಆಮ್ಯಾಲ ಅಳತಿ ತಗೋರಿ ಅಂತ ಡಾಕ್ಟರಿಗೆ ಹೇಳ್ರಿ. ಅಲ್ಲಿ ಹಲ್ಲು ಸಾಲಲಿಲ್ಲಂದ್ರ ಬ್ರಿಡ್ಜೂ ನಿಲ್ಲೂದಿಲ್ಲ, ಆಗ ಮತ್ತ ಕೂತು ವಿಚಾರ ಮಾಡಬೇಕು. ದಾವಣಗೆರ್ಯಾಗ ಎರಡು ಡೆಂಟಲ್ ಕಾಲೇಜ್ ಅದಾವ, ಬಾಪೂಜಿ ಒಂದು, ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಒಂದು. ಪ್ರಾಸ್ತೋಡಾಂಟಿಕ್ಸ್, ಅಂದ್ರ ಹಲ್ಲು ಕಟ್ಟೋ ವಿಭಾಗಕ್ಕ ಹೋಗ್ರಿ, ಓಡಾಟ ಒಂದೆರಡು ಸಲ ಹೆಚ್ಚಾಗಬಹುದು, ಆದ್ರ ಎಲ್ಲಾ ವಿಭಾಗದವರೂ ಒಂದ ಕಡೆ ಸಿಗ್ತಾರ.

ತುಂಗಭದ್ರಾ ತೀರ:
ಆಯ್ತು ಮೇಡಂ. ಶನಿವಾರ ಊರಿಗೆ ಹೋಗ್ತಿದೀನಿ, ಮಂಡಿ ಡಾಕ್ಟ್ರ ಫೈಲು, ಶುಗರ್ ರಿಪೋರ್ಟು ಎಲ್ಲಾ ತಗೊಂಡು ಸೋಮವಾರ ದಾವಣಗೆರೆಗೆ ಕರ್ಕೊಂಡು ಹೋಗ್ತೀನಿ. ಕ್ಯಾಪ್ ತೆಗೆದ ಮೇಲೆ ಏನಂದ್ರು ಅಂತ ಇಲ್ಲೇ ಹಾಕ್ತೀನಿ.

ಚಾಮುಂಡಿ ಬೆಟ್ಟದ ಕೆಳಗೆ:
ಹಾಕಿ, ಕಾಯ್ತಿರ್ತೀವಿ. ಆ ಸೂಪರ್ ಫ್ಲಾಸ್ ಮರೀಬೇಡಿ. ಹರಿಹರದಲ್ಲಿ ಸಿಗದಿದ್ರೆ ಬೆಂಗಳೂರಿಂದಲೇ ಎರಡು ಪ್ಯಾಕೆಟ್ ತಗೊಂಡು ಹೋಗಿ.