ಪದಚರ್ಚೆ: ಹೆಸರು ಬದಲಿಸಿ ಅಚ್ಚಾದ ಫ್ಯಾನ್ ಫಿಕ್ಷನ್ ‘ಸ್ವತಂತ್ರ ಕೃತಿ’ಯೇ?

ಎಲ್ಲರಿಗೂ ನಮಸ್ಕಾರ.

ಫ್ಯಾನ್ ಫಿಕ್ಷನ್ (ಮೆಚ್ಚಿನ ಕಥೆಯ ಪಾತ್ರಗಳನ್ನೋ ಹೆಸರಾಂತ ವ್ಯಕ್ತಿಗಳನ್ನೋ ಇಟ್ಟುಕೊಂಡು ಅಭಿಮಾನಿಗಳು ತಾವೇ ಬರೆಯುವ ಕಥೆ) ಬರೆಯುತ್ತಿದ್ದವರು ದೊಡ್ಡ ಪ್ರಕಾಶಕರ ಲೇಖಕರಾಗುತ್ತಿರುವ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಕೆಲವು ಪದಗಳಲ್ಲಿ ಸಿಕ್ಕಿಕೊಂಡಿದ್ದೇನೆ, ನಿಮ್ಮ ಸಹಾಯ ಬೇಕು.

ವಿಷಯ ಹಲವರಿಗೆ ಗೊತ್ತಿರಬಹುದು. ಇ. ಎಲ್. ಜೇಮ್ಸ್ ಅವರ ‘ಫಿಫ್ಟಿ ಶೇಡ್ಸ್ ಆಫ್ ಗ್ರೇ’ ಶುರುವಾಗಿದ್ದು ‘ಟ್ವೈಲೈಟ್’ ಕಾದಂಬರಿಯ ಪಾತ್ರಗಳಾದ ಎಡ್ವರ್ಡ್, ಬೆಲ್ಲಾರನ್ನು ಇಟ್ಟುಕೊಂಡು ನೆಟ್‌ನಲ್ಲಿ ಬರೆದ ಕಥೆಯಾಗಿ. 2011ರಲ್ಲಿ ಅದು ಪುಸ್ತಕವಾದಾಗ ಎಡ್ವರ್ಡ್ ಹೋಗಿ ಕ್ರಿಶ್ಚಿಯನ್ ಬಂದ, ಬೆಲ್ಲಾ ಹೋಗಿ ಅನಸ್ತೇಸಿಯಾ ಬಂದಳು. ಆನಾ ಟಾಡ್ 2013ರಲ್ಲಿ ಯಾರು ಬೇಕಾದರೂ ಕಥೆ ಬರೆದು ಹಾಕಬಹುದಾದ ವಾಟ್‌ಪ್ಯಾಡ್ ತಾಣದಲ್ಲಿ ಗಾಯಕ ಹ್ಯಾರಿ ಸ್ಟೈಲ್ಸ್‌ನನ್ನೇ ನಾಯಕನನ್ನಾಗಿ ಮಾಡಿ ‘ಆಫ್ಟರ್’ ಬರೆದರು. ಮರುವರ್ಷ ಅಚ್ಚಾದಾಗ ಅವನು ಹಾರ್ಡಿನ್ ಸ್ಕಾಟ್. ಆಲಿ ಹೇಜಲ್‌ವುಡ್ ಅವರ 2021ರ ‘ದಿ ಲವ್ ಹೈಪಾಥಿಸಿಸ್’ ಕೂಡ ಮೊದಲು ‘ಸ್ಟಾರ್ ವಾರ್ಸ್’ನ ಜೋಡಿಯೊಂದರ ಕಥೆಯಾಗಿತ್ತು.

‘ಫ್ಯಾನ್ ಫಿಕ್ಷನ್’ ಅನ್ನೋ ಪದವನ್ನು ಹಾಗೇ ಉಳಿಸಿಕೊಂಡಿದ್ದೇನೆ. ‘ಅಭಿಮಾನಿ ಕಥೆ’ ಎಂದು ಬರೆದು ನೋಡಿದೆ. ನಮ್ಮಲ್ಲಿ ಅಭಿಮಾನಿ ಅಂದ ಕೂಡಲೇ ಸಿನಿಮಾ ನಟರ ಕಟೌಟು ಕಣ್ಣಿಗೆ ಬರುತ್ತದೆ, ಅಭಿಮಾನಿಯೊಬ್ಬನ ಜೀವನದ ಕಥೆ ಅಂತಲೂ ಅರ್ಥವಾಗುತ್ತದೆ.

ಹೆಸರು ಬದಲಿಸಿ ಅಚ್ಚಿಗೆ ಸಿದ್ಧ ಮಾಡುವುದಕ್ಕೆ ಆ ಬರಹಗಾರರೇ ‘ಸೀರಿಯಲ್ ನಂಬರ್ ಉಜ್ಜಿ ತೆಗೆಯುವುದು’ ಎನ್ನುತ್ತಾರೆ. ಇದನ್ನು ಕನ್ನಡಕ್ಕೆ ಹಾಗೇ ತಂದರೆ ಕದ್ದ ಗಾಡಿಯ ನೆನಪಾಗುತ್ತದೆ. ಅವರು ತಮ್ಮ ತಮ್ಮಲ್ಲಿ ಸಲಿಗೆಯಿಂದ ಆಡುವ ಮಾತು ನಮ್ಮ ಬಾಯಲ್ಲಿ ಆರೋಪವಾಗುತ್ತದೆ, ಅಲ್ವಾ? ‘ಕೃತಿಚೌರ್ಯ’ವಂತೂ ಬೇಡವೇ ಬೇಡ. ಬೇರೆಯವರ ವಾಕ್ಯಗಳನ್ನು ತನ್ನದೆಂದು ಅಚ್ಚು ಹಾಕಿಸುವುದು ಕಳವು. ಇಲ್ಲಿ ವಾಕ್ಯಗಳು ಬರೆದವರದ್ದೇ. ನಮ್ಮ ಸುಪ್ರೀಂ ಕೋರ್ಟ್ ಕೂಡ 1978ರಲ್ಲಿ ಆರ್. ಜಿ. ಆನಂದ್ ಮೊಕದ್ದಮೆಯಲ್ಲಿ ಇದನ್ನೇ ಹೇಳಿತು: ಕಾಪಿರೈಟ್ ಇರುವುದು ಬರೆದ ರೂಪದ ಮೇಲೆ, ಬರೀ ಕಲ್ಪನೆಯ ಮೇಲಲ್ಲ.

ನಿಜವಾದ ತೊಡಕು ಮುಂದಿನದು. ‘ಒರಿಜಿನಲ್’ ಅನ್ನುವುದಕ್ಕೆ ನಮ್ಮಲ್ಲಿ ಪದಗಳು ಜಾಸ್ತಿ ಇವೆ, ಒಂದೂ ಸರಿಯಾಗಿ ಕೂರುತ್ತಿಲ್ಲ. ‘ಸ್ವೋಪಜ್ಞ’ ವಿಮರ್ಶಕರ ಪುಸ್ತಕದಾಚೆ ಬರುವುದಿಲ್ಲ. ‘ಮೌಲಿಕ’ಕ್ಕೆ ಮೂಲದಲ್ಲಿ ಅದೇ ಅರ್ಥ, ಆದರೆ ಈಗ ‘ಮೌಲಿಕ ಕೃತಿ’ ಅಂದರೆ ಬೆಲೆಬಾಳುವ ಕೃತಿ ಎಂದೇ ಹೆಚ್ಚಿನವರು ತಿಳಿಯುತ್ತಾರೆ. ಉಳಿದದ್ದು ‘ಸ್ವತಂತ್ರ’ ಮತ್ತು ‘ಸ್ವಂತಿಕೆ’. ಇವೆರಡನ್ನೂ ಒಂದೇ ಎಂಬಂತೆ ಬಳಸುತ್ತೇವೆ. ಒಂದೇ ಅಲ್ಲ ಎಂದು ನನಗೆ ಬಲವಾಗಿ ಅನಿಸುತ್ತಿದೆ.

ಪಂಪನನ್ನು ತೆಗೆದುಕೊಳ್ಳಿ. ಅವನ ಭಾರತ ಸ್ವತಂತ್ರ ಕೃತಿ ಅಲ್ಲ, ವ್ಯಾಸರ ಕಥೆ. ಒಂದು ಹೆಸರನ್ನೂ ಅವನು ಮುಚ್ಚಿಡಲಿಲ್ಲ. ಆದರೂ ಅರ್ಜುನನಲ್ಲಿ ತನ್ನ ದೊರೆ ಅರಿಕೇಸರಿಯನ್ನು ಕಂಡ, ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯನ್ನಾಗಿ ಮಾಡಿದ, ಕರ್ಣನನ್ನು ಮರೆಯಲಾರದ ಹಾಗೆ ಬರೆದ. ಸ್ವಂತಿಕೆ ತುಂಬಿ ತುಳುಕುತ್ತದೆ. ರನ್ನ ತನ್ನ ಗದಾಯುದ್ಧಕ್ಕೆ ಆ ಪಂಪನ ಹದಿಮೂರನೆಯ ಆಶ್ವಾಸದಿಂದಲೇ ಧಾರಾಳವಾಗಿ ಪಡೆದ. ಅವನ ದುರ್ಯೋಧನ ಮಾತ್ರ ಅವನದೇ.

ಅಚ್ಚಾದ ಫ್ಯಾನ್ ಫಿಕ್ಷನ್‌ನದು ಇದಕ್ಕೆ ತಿರುವುಮುರುವು. ಹೆಸರು, ಊರು, ಕೆಲಸ ಎಲ್ಲ ಬದಲಾಗಿರುವುದರಿಂದ ಹೊರಗಿನಿಂದ ನೋಡಿದರೆ ಅದು ಸ್ವತಂತ್ರ. ಸ್ವಂತಿಕೆ ಇದೆಯೇ ಎಂಬುದನ್ನು ಒಂದೊಂದೇ ಪುಸ್ತಕ ಓದಿ ಹೇಳಬೇಕು. ಮೂಲ ಪಾತ್ರಗಳ ಮೇಲೆ ಓದುಗರಿಗೆ ಮೊದಲೇ ಇದ್ದ ಪ್ರೀತಿಯ ಬಲದಿಂದಲೇ ನಡೆಯುತ್ತಿದ್ದ ಕಥೆ, ಆ ಹೆಸರುಗಳು ಹೋದ ಮೇಲೆ ಸೊರಗುತ್ತದೆ. ತನ್ನ ಕಾಲ ಮೇಲೆ ನಿಂತರೆ, ಅಷ್ಟರ ಮಟ್ಟಿಗೆ ಅದು ಬರೆದವರದ್ದು. ಅದಕ್ಕೇ ಲೇಖನದಲ್ಲಿ ಎರಡೂ ಪದಗಳನ್ನು ಬೇರೆ ಬೇರೆ ಅರ್ಥದಲ್ಲಿ ಬಳಸಲಿದ್ದೇನೆ.

‘ರೂಪಾಂತರ’ ಎನ್ನಬಹುದಲ್ಲ ಎಂದು ಕೆಲವರು ಕೇಳಬಹುದು. ಕುವೆಂಪು ‘ಹ್ಯಾಮ್ಲೆಟ್’ ಅನ್ನು ಬಿದನೂರಿಗೆ ತಂದು ‘ರಕ್ತಾಕ್ಷಿ’ ಮಾಡಿದರು, ಹೆಸರುಗಳೆಲ್ಲ ಬದಲಾದವು. ಆದರೆ ಯಾವುದರ ರೂಪಾಂತರ ಎನ್ನುವುದು ಅಲ್ಲಿ ಮುಖ್ಯ, ಓದುಗ ಎರಡನ್ನೂ ಜೊತೆಗಿಟ್ಟು ಓದುತ್ತಾನೆ. ಇಲ್ಲಿ ಪುಸ್ತಕ ಮೂಲದಿಂದ ಬಿಡಿಸಿಕೊಂಡು ಹೊರಟಿರುತ್ತದೆ. ಹಾಗಾಗಿ ‘ಬಿಡಿಸಿಕೊಂಡ ಕಥೆ’ ಎಂಬ ಮಾತು ಹೊಳೆದಿದೆ. ಬೈಗುಳವಿಲ್ಲ, ಮೂಲ ಒಂದಿತ್ತು ಅನ್ನುವುದೂ ಉಳಿಯುತ್ತದೆ.

ಇದು ಕಿವಿಗೆ ಹಿತವಾಗಿದೆಯೇ ಹೇಳಿ. ಇದಕ್ಕಿಂತ ಒಳ್ಳೆಯದು ನಿಮ್ಮ ಕಡೆ ಬಳಕೆಯಲ್ಲಿದ್ದರೆ ಇನ್ನೂ ಸಂತೋಷ. ಇನ್ನೊಂದು ಕೋರಿಕೆ: ಅನುವಾದ ಅಲ್ಲದ್ದಕ್ಕೆಲ್ಲ ‘ಸ್ವತಂತ್ರ ಕಾದಂಬರಿ’ ಎನ್ನುವ ರೂಢಿ ಕನ್ನಡದಲ್ಲಿ ಎಂದಿನಿಂದ ಇದೆ? ಹಳೆಯ ಮುನ್ನುಡಿಗಳಲ್ಲಿ, ಜಾಹೀರಾತುಗಳಲ್ಲಿ ಈ ಬಳಕೆ ಕಂಡವರು ದಯವಿಟ್ಟು ಇಸವಿಯ ಸಮೇತ ತಿಳಿಸಿ.